ಫೀಸು ಹಿರಿಯರಿಗೆ, ಕೋರ್ಟಿಗೆ ಬಂದವರು ಕಿರಿಯರು

"ಫೀಸು ಕೊಟ್ಟದ್ದು ದೊಡ್ಡ ವಕೀಲರಿಗೆ ಸಾರ್. ಇವತ್ತು ಬಂದು ನಿಂತದ್ದು ಯಾವುದೋ ಹುಡುಗ. ನನ್ನ ಕೇಸು ಜಮೀನಿನದೋ ಮನೆಯದೋ ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ." ಯಾವ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲಿ ಅರ್ಧ ದಿನ ಕೂತರೂ ಇಂಥದೊಂದು ಮಾತು ಕಿವಿಗೆ ಬೀಳುತ್ತದೆ. ಹೇಳುವವರು ಪಾಲು ದಾವೆಯ ವಾದಿಯಾಗಿರಬಹುದು, ಚೆಕ್ ಬೌನ್ಸ್ ಪ್ರಕರಣದ ಫಿರ್ಯಾದಿಯಾಗಿರಬಹುದು, ಗಂಡನ ಅಪಘಾತ ಪರಿಹಾರಕ್ಕೆ ಅಲೆಯುತ್ತಿರುವ ಹೆಂಗಸಾಗಿರಬಹುದು. ಒಂದು ದಿನದ ದುಡಿಮೆ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದಿರುತ್ತಾರೆ. ಅವರ ಸಿಟ್ಟಿನಲ್ಲಿ ನ್ಯಾಯವಿದೆ.

ಆ ಹುಡುಗನ ಕಡೆಯಿಂದಲೂ ಒಂದು ಮಾತಿದೆ. ಬೆಳಿಗ್ಗೆ ಹತ್ತೂವರೆಗೆ ಮೂರು ಕೋರ್ಟ್ ಹಾಲಿನ ಫೈಲುಗಳು ಒಟ್ಟಿಗೆ ಅವನ ಕೈಗೆ ಬಂದವು. "ಇದಕ್ಕೆ ಟೈಂ ತಗೋ, ಅದಕ್ಕೆ ಪಾಸ್ ಓವರ್ ಕೇಳು, ಮೂರನೆಯದರಲ್ಲಿ ನಾನು ಬರುತ್ತೇನೆ" ಎಂದು ಸೀನಿಯರ್ ಹೇಳಿ ಹೈಕೋರ್ಟಿಗೆ ಹೊರಟುಹೋದರು. ನ್ಯಾಯಾಧೀಶರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿಲ್ಲ. ಹಿಂದೆ ಬೆಂಚಿನ ಮೇಲೆ ಕೂತ ಪಾರ್ಟಿಯ ಕಣ್ಣು ಬೆನ್ನಿಗೆ ಇರಿಯುತ್ತಿದೆ. ಕಾನೂನು ಕಾಲೇಜಿನ ಐದು ವರ್ಷಗಳಲ್ಲಿ ಯಾರೂ ಅವನಿಗೆ ಈ ಗಳಿಗೆಯ ಬಗ್ಗೆ ಹೇಳಿರಲಿಲ್ಲ.

ದುಡ್ಡು ಕೊಡುವ ಗಿರಾಕಿ ಮತ್ತು ಕೆಲಸ ಕಲಿಯಬೇಕಾದ ಕಿರಿಯ, ಇವರಿಬ್ಬರ ನಡುವಿನ ಎಳೆದಾಟ ಸಾಫ್ಟ್‌ವೇರ್ ಕಂಪನಿಯಲ್ಲಿದೆ, ಆಡಿಟರ್ ಕಚೇರಿಯಲ್ಲಿದೆ, ಆಸ್ಪತ್ರೆಯಲ್ಲಿದೆ. ವಕೀಲರ ಆಫೀಸಿನಲ್ಲಿ ಮಾತ್ರ ಅದು ತೆರೆದ ಕೋರ್ಟಿನಲ್ಲಿ ಎಲ್ಲರ ಕಣ್ಣೆದುರೇ ನಡೆಯುತ್ತದೆ. ಕಕ್ಷಿದಾರರ ಹಿತವನ್ನೂ ಕಿರಿಯರ ಕಲಿಕೆಯನ್ನೂ ತಕ್ಕಡಿಯ ಎರಡು ತಟ್ಟೆಗಳೆಂದು ನಾವು ಎಣಿಸಿರುವುದೇ ತಪ್ಪು ಎಂಬುದು ನನ್ನ ವಾದ. ಕಕ್ಷಿದಾರರಿಗೆ ಗೊತ್ತಿಲ್ಲದಂತೆ, ಬೆನ್ನ ಹಿಂದೆ, ಸಿದ್ಧತೆಯಿಲ್ಲದೆ ಕಿರಿಯರನ್ನು ಕೋರ್ಟಿಗೆ ನೂಕುವುದರಿಂದ ಇಬ್ಬರಿಗೂ ನಷ್ಟ. ಅವರಿಗೆ ತಿಳಿಸಿ, ಅವರ ಕಣ್ಣೆದುರೇ, ಹಂತಹಂತವಾಗಿ ಕಲಿಸಿದರೆ ಇಬ್ಬರಿಗೂ ಲಾಭ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ನಮ್ಮಲ್ಲಿ 'ಸೀನಿಯರ್' ಎಂದರೆ ಎರಡು ಅರ್ಥ. 1961ರ ವಕೀಲರ ಕಾಯ್ದೆಯ 16ನೆಯ ಕಲಮಿನ ಪ್ರಕಾರ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ 'ಹಿರಿಯ ವಕೀಲ' ಎಂದು ಹೆಸರಿಸಿದವರು ಒಂದು ಬಗೆ. ಅವರು ತಾವೇ ವಕಾಲತ್ತು ಹಾಕುವಂತಿಲ್ಲ. ಸುಪ್ರೀಂ ಕೋರ್ಟ್ ಹೊರತಾದ ಕೋರ್ಟುಗಳಲ್ಲಿ ಜೊತೆಗೊಬ್ಬ ಕಿರಿಯ ವಕೀಲರಿಲ್ಲದೆ ಅವರು ಹಾಜರಾಗುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ತಾಲ್ಲೂಕು, ಜಿಲ್ಲಾ ಕೇಂದ್ರಗಳಲ್ಲಿ ನಾವು ಸೀನಿಯರ್ ಎನ್ನುವುದು ಇನ್ನೊಂದು ಬಗೆಯವರನ್ನು. ಸ್ವಂತ ಆಫೀಸು, ಗೋಡೆ ತುಂಬ ಕಾನೂನು ವರದಿಗಳು, ಮೂರ್ನಾಲ್ಕು ಕಿರಿಯರು, ಒಬ್ಬ ಗುಮಾಸ್ತ ಇರುವವರು. ಇಲ್ಲಿ ವಕಾಲತ್ತಿನ ಹಾಳೆಯಲ್ಲಿ ಸೀನಿಯರ್ ಹೆಸರಿನ ಕೆಳಗೆ ಕಿರಿಯರ ಹೆಸರೂ ಇರುವುದುಂಟು. ಕಕ್ಷಿದಾರರು ಸಹಿ ಹಾಕುತ್ತಾರೆ, ಹೆಸರುಗಳನ್ನು ಓದುವವರು ಅಪರೂಪ. ಕಾಗದದ ಮೇಲೆ ಅವರು ಆ ಹುಡುಗನನ್ನೂ ತಮ್ಮ ವಕೀಲನೆಂದು ಒಪ್ಪಿರುತ್ತಾರೆ, ಮನಸ್ಸಿನಲ್ಲಿ ಒಪ್ಪಿರುವುದಿಲ್ಲ. ಜಗಳದ ಬೇರು ಇಲ್ಲಿದೆ.

ಕಕ್ಷಿದಾರರ ಒಪ್ಪಿಗೆಗೆ ಕಾನೂನಿನಲ್ಲಿ ದೊಡ್ಡ ಬೆಲೆಯಿದೆ. 2024ರ ಮೇ 14ರಂದು ಸುಪ್ರೀಂ ಕೋರ್ಟ್ ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ತೀರ್ಪು ಕೊಟ್ಟಿತು. ವಕೀಲರಿಗೆ ರಕ್ಷಣೆ ಸಿಕ್ಕಿತು ಎಂದಷ್ಟೇ ಆಗ ಸುದ್ದಿಯಾಯಿತು. ತೀರ್ಪಿನ ತರ್ಕ ಗಮನಿಸಬೇಕು. ವಕೀಲರು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬುದರ ಮೇಲೆ ಕಕ್ಷಿದಾರನಿಗೆ ನೇರವಾದ, ಗಣನೀಯ ನಿಯಂತ್ರಣವಿದೆ, ಆದ್ದರಿಂದ ಇದು ವೈಯಕ್ತಿಕ ಸೇವೆಯ ಒಪ್ಪಂದ ಎಂದು ನ್ಯಾಯಾಲಯ ಹೇಳಿತು. ಅಷ್ಟು ನಿಯಂತ್ರಣವಿರುವ ಕಕ್ಷಿದಾರನಿಗೆ ಇಂದು ತನ್ನ ಪರವಾಗಿ ಯಾರು ನಿಲ್ಲುತ್ತಾರೆ ಎಂಬುದನ್ನು ಮೊದಲೇ ತಿಳಿಯುವ ಹಕ್ಕು ಇರಲೇಬೇಕಲ್ಲವೇ?

ಸಿದ್ಧತೆಯಿಲ್ಲದ ಕಿರಿಯರನ್ನು ಕಳಿಸುವುದನ್ನು ನ್ಯಾಯಾಲಯಗಳೂ ಸಹಿಸುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠದ ಮುಂದೆ ಒಬ್ಬ ಕಿರಿಯ ವಕೀಲ ಮುಂದೂಡಿಕೆ ಕೇಳಿದ. ಪ್ರಕರಣದ ವಿವರ ಕೇಳಿದಾಗ ತನಗೆ ಸೂಚನೆಯಿಲ್ಲ ಎಂದ. ಪೀಠ ಅವನನ್ನು ಕಳಿಸಿದ ವಕೀಲರನ್ನು ಕರೆಸಿತು, ಅವರಿಗೆ 2,000 ರೂಪಾಯಿ ದಂಡ ಹಾಕಿತು. ಮೊತ್ತ ಚಿಕ್ಕದು. ದಂಡ ಬಿದ್ದದ್ದು ಯಾರಿಗೆ ಎಂಬುದು ಮುಖ್ಯ. ಬಂದು ನಿಂತವನನ್ನು ಬಿಟ್ಟು, ಅವನನ್ನು ಬರಿಗೈಯಲ್ಲಿ ಕಳಿಸಿದವರನ್ನು ನ್ಯಾಯಾಲಯ ಹೊಣೆ ಮಾಡಿತು. ಅದು ಸರಿಯಾದ ಹೊಣೆಗಾರಿಕೆ.

ಹಾಗಾದರೆ ಕಿರಿಯರನ್ನು ಕಳಿಸಲೇಬಾರದೇ? ಕಳಿಸದಿದ್ದರೆ ಅವರು ಕಲಿಯುವುದೆಲ್ಲಿ? ವೈದ್ಯರಿಗೆ ಇಂಟರ್ನ್‌ಶಿಪ್ ಕಡ್ಡಾಯ, ಲೆಕ್ಕಪರಿಶೋಧಕರಿಗೆ ಆರ್ಟಿಕಲ್‌ಶಿಪ್ ಕಡ್ಡಾಯ. ವಕೀಲರಿಗೆ ನೋಂದಣಿಗೆ ಮುಂಚೆ ಅಂಥ ತರಬೇತಿ ಇಲ್ಲ. ಸಂಸತ್ತು 1973ರಲ್ಲಿ ವಕೀಲರ ಕಾಯ್ದೆಯಿಂದ ಅದನ್ನು ತೆಗೆದುಹಾಕಿತು. 1995ರಲ್ಲಿ ವಕೀಲರ ಪರಿಷತ್ತು ಒಂದು ವರ್ಷದ ತರಬೇತಿಯನ್ನು ನಿಯಮಗಳ ಮೂಲಕ ಮತ್ತೆ ತಂದಿತು. ಕಾಯ್ದೆ ಕೈಬಿಟ್ಟದ್ದನ್ನು ನಿಯಮದಿಂದ ತರುವ ಅಧಿಕಾರ ಪರಿಷತ್ತಿಗಿಲ್ಲ ಎಂದು 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಯಮಗಳನ್ನು ರದ್ದು ಮಾಡಿತು. ಆಮೇಲೆ ಬಂದ ಅಖಿಲ ಭಾರತ ವಕೀಲರ ಪರೀಕ್ಷೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಪತ್ರಿಕೆ. ಸಾಕ್ಷಿಯ ಮುಖ ನೋಡಿ ಮುಂದಿನ ಪ್ರಶ್ನೆ ಕೇಳುವ ವಿದ್ಯೆಯನ್ನು ಅದು ಅಳೆಯಲಾರದು. ಹೀಗಾಗಿ ಈ ದೇಶದಲ್ಲಿ ವಕೀಲಿಕೆಯ ನಿಜವಾದ ಶಾಲೆ ಸೀನಿಯರ್ ಆಫೀಸು ಒಂದೇ. ಅಲ್ಲಿ ಕಲಿಸದಿದ್ದರೆ ಬೇರೆಲ್ಲೂ ಕಲಿಸುವುದಿಲ್ಲ.

ಆ ಶಾಲೆಗೆ ಈಗ ಇನ್ನಷ್ಟು ಮಕ್ಕಳು ಬರಲಿದ್ದಾರೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಲು ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂಬ ಷರತ್ತನ್ನು 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮರಳಿ ತಂದಿತು. ನಮ್ಮ ಕರಾವಳಿಯವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗದ ಶಿಫಾರಸನ್ನು ಒಪ್ಪಿ 2002ರಲ್ಲಿ ಕೈಬಿಟ್ಟಿದ್ದ ಷರತ್ತು ಇದು. ಆಯೋಗದ ಉದ್ದೇಶ ಒಳ್ಳೆಯದೇ ಆಗಿತ್ತು. ಪ್ರತಿಭಾವಂತ ಪದವೀಧರರು ನೇರವಾಗಿ ಬರಲಿ, ಬಂದವರಿಗೆ ತೀವ್ರ ತರಬೇತಿ ಸಿಗಲಿ ಎಂಬುದು ಅದರ ಆಶಯ. ಇಪ್ಪತ್ತು ವರ್ಷಗಳ ಅನುಭವ ನೋಡಿದ ಹೈಕೋರ್ಟುಗಳಲ್ಲಿ ಬಹುಪಾಲು ಹಳೆಯ ಷರತ್ತೇ ಬೇಕೆಂದವು. ಹತ್ತು ವರ್ಷ ಅನುಭವವಿರುವ ವಕೀಲರೊಬ್ಬರು ಆ ಮೂರು ವರ್ಷಗಳಿಗೆ ಪ್ರಮಾಣಪತ್ರ ಕೊಡಬೇಕು. ಮೂರು ವರ್ಷ ಫೈಲು ಹೊತ್ತು ಡೇಟು ತೆಗೆದುಕೊಂಡವರಿಗೂ ಅದೇ ಪ್ರಮಾಣಪತ್ರ, ಮೂರು ವರ್ಷ ಸಾಕ್ಷಿ ವಿಚಾರಣೆ ಮಾಡಿದವರಿಗೂ ಅದೇ ಎಂದಾದರೆ ಈ ತೀರ್ಪಿನ ಫಲ ನಮಗೆ ಸಿಗುವುದಿಲ್ಲ. ನಾಳೆ ನಮ್ಮ ನಿಮ್ಮ ದಾವೆ ಕೇಳುವ ನ್ಯಾಯಾಧೀಶರು ಇಂದಿನ ಈ ಕಿರಿಯರೇ.

ವಿಚಿತ್ರವೆಂದರೆ, ಕಲಿಯುವ ಜಾಗಗಳು ಒಂದೊಂದಾಗಿ ಕಿರಿದಾಗಿವೆ. 2002ರ ಜುಲೈ 1ಕ್ಕೆ ಮುಂಚೆ ಸಿವಿಲ್ ದಾವೆಯಲ್ಲಿ ನಮ್ಮ ಕಡೆಯ ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿ ಮುಖ್ಯ ವಿಚಾರಣೆ ಮಾಡಬೇಕಿತ್ತು. ಕಿರಿಯರು ಬಾಯಿ ತೆರೆಯಲು ಕಲಿಯುತ್ತಿದ್ದದ್ದು ಅಲ್ಲಿ. ಸಾಕ್ಷಿ ನಮ್ಮವರೇ, ಪ್ರಶ್ನೆಗಳು ಸಿದ್ಧ, ಉತ್ತರಗಳು ಗೊತ್ತು, ಪಕ್ಕದಲ್ಲಿ ಸೀನಿಯರ್. ತಪ್ಪಿದರೂ ಹಾನಿ ಕಡಿಮೆ. ಆ ದಿನ ಜಾರಿಗೆ ಬಂದ ತಿದ್ದುಪಡಿ ಮುಖ್ಯ ವಿಚಾರಣೆಯನ್ನು ಅಫಿಡವಿಟ್ ಮೂಲಕ ಮಾಡಿತು. ನ್ಯಾಯಾಲಯದ ಸಮಯ ಉಳಿಯಿತು, ಅದು ಅಗತ್ಯವೂ ಆಗಿತ್ತು. ಆದರೆ ಕಿರಿಯರ ಮೊದಲ ಮೆಟ್ಟಿಲು ಹೋಯಿತು. ಈಗ ಅವರು ಆಫೀಸಿನಲ್ಲಿ ಅಫಿಡವಿಟ್ ಟೈಪು ಮಾಡಿಸುತ್ತಾರೆ. ಆಮೇಲೆ ಕೋರ್ಟಿನಲ್ಲಿ ನೇರವಾಗಿ ಎದುರಾಗುವುದು ಪಾಟೀಸವಾಲು, ವಕೀಲಿಕೆಯಲ್ಲೇ ಅತ್ಯಂತ ಕಷ್ಟದ ಕೆಲಸ.

ಮೊಬೈಲು ಮತ್ತೊಂದು ಬದಲಾವಣೆ ತಂದಿದೆ. ಅಕ್ಷರ ಮತ್ತು ಅಂಕಿ ಸೇರಿ ಹದಿನಾರು ಸ್ಥಾನಗಳಿರುವ ಪ್ರಕರಣದ ಸಂಖ್ಯೆ ಹಾಕಿದರೆ ಇಂದಿನ ಹಂತ, ಮುಂದಿನ ತಾರೀಖು ಪಾರ್ಟಿಗೇ ಕಾಣುತ್ತದೆ. ಕರ್ನಾಟಕ ಹೈಕೋರ್ಟು 2021ರಿಂದ ಕಲಾಪಗಳನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡುತ್ತಿದೆ. ಹಾವೇರಿಯ ಮನೆಯಲ್ಲಿ ಕೂತ ರೈತ ಧಾರವಾಡ ಪೀಠದಲ್ಲಿ ತನ್ನ ಮೇಲ್ಮನವಿ ಕೂಗಿದಾಗ ಯಾರು ಎದ್ದು ನಿಂತರು ಎಂದು ನೋಡಬಲ್ಲ. ಇದು ಒಳ್ಳೆಯದು, ಪಾರದರ್ಶಕತೆ ಬೇಕು. ಆದರೆ ಹೇಳದೆ ಕಿರಿಯರನ್ನು ನಿಲ್ಲಿಸಿ ಸುಮ್ಮನಿರುವ ಹಳೆಯ ಅಭ್ಯಾಸ ಇನ್ನು ನಡೆಯುವುದಿಲ್ಲ. "ಸಾಹೇಬರೇ, ನೀವು ಬರಲೇ ಇಲ್ಲವಲ್ಲ" ಎಂದು ಸಂಜೆ ಫೋನು ಬರುತ್ತದೆ. ಆ ಫೋನಿಗೆ ಹೆದರಿ ಎಷ್ಟೋ ಸೀನಿಯರುಗಳು ಈಗ ಚಿಕ್ಕ ಅರ್ಜಿಗೂ ತಾವೇ ಎದ್ದು ನಿಲ್ಲುತ್ತಾರೆ. ವಿಡಿಯೊ ಕಾನ್ಫರೆನ್ಸ್ ಅದನ್ನು ಸುಲಭವೂ ಮಾಡಿದೆ. ಮೊದಲು ಊರು ದೂರವೆಂಬ ಕಾರಣಕ್ಕಾದರೂ ಕಿರಿಯರಿಗೆ ಸಿಗುತ್ತಿದ್ದ ಅವಕಾಶ ಹೀಗೆ ತೆರೆಯ ಮೇಲಿನ ಒಂದು ಚೌಕಕ್ಕೆ ಸೇರಿಹೋಯಿತು.

ಈ ಭಯಕ್ಕೆ ಮದ್ದೇನು? ಕೆಲಸವನ್ನು ದೊಡ್ಡದು ಚಿಕ್ಕದು ಎಂದು ವಿಂಗಡಿಸುವ ಬದಲು, ತಪ್ಪಾದರೆ ತಿದ್ದಿಕೊಳ್ಳಲು ಸಾಧ್ಯವೇ ಎಂದು ಕೇಳಿ ವಿಂಗಡಿಸಬೇಕು. ನನಗೆ ತಿಳಿದಂತೆ ಒಳ್ಳೆಯ ಆಫೀಸುಗಳು ಮಾಡುವುದು ಇದನ್ನೇ. ಲೀಗಲ್ ನೋಟಿಸಿನ ಕರಡು, ವಾದಪತ್ರದ ಕರಡು, ಮಧ್ಯಂತರ ಅರ್ಜಿಗೆ ಆಕ್ಷೇಪಣೆ, ಇವೆಲ್ಲ ಸೀನಿಯರ್ ಮೇಜಿನ ಮೇಲೆ ಕೆಂಪು ಶಾಯಿ ಕಂಡ ಮೇಲಷ್ಟೇ ಹೊರಗೆ ಹೋಗುತ್ತವೆ. ತಪ್ಪು ಆಫೀಸಿನೊಳಗೇ ಸಾಯುತ್ತದೆ. ಇವುಗಳನ್ನು ಮೊದಲ ದಿನದಿಂದಲೇ ಕಿರಿಯರಿಗೆ ಕೊಡಬಹುದು, ಕೊಡಬೇಕು. ಮಧ್ಯಂತರ ಅರ್ಜಿಯ ಮೇಲಿನ ವಾದವನ್ನು ಸೀನಿಯರ್ ಪಕ್ಕದಲ್ಲಿ ಕೂತು ಕಿರಿಯರಿಂದ ಮಾಡಿಸಬಹುದು. ಬಿಟ್ಟುಹೋದ ಅಂಶವನ್ನು ಆ ಕ್ಷಣವೇ ಎದ್ದು ಸೇರಿಸಲು ಬರುತ್ತದೆ. ದಾಖಲೆ ಗುರುತಿಸಲು ಬರುವ ಸಬ್ ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತರಂಥ ಔಪಚಾರಿಕ ಸಾಕ್ಷಿಯ ಪಾಟೀಸವಾಲು ಮುಂದಿನ ಹಂತ.

ತಿದ್ದಲಾಗದ ಕೆಲಸಗಳ ಪಟ್ಟಿ ಬೇರೆ. ಕಾಲಮಿತಿ ಅದರಲ್ಲಿ ಮೊದಲನೆಯದು. ಚೆಕ್ ಬೌನ್ಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸು ಹೋಗಬೇಕು. ನೋಟಿಸು ತಲುಪಿ 15 ದಿನದೊಳಗೆ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ಸಿವಿಲ್ ತೀರ್ಪಿನ ಮೇಲ್ಮನವಿಗೆ ಜಿಲ್ಲಾ ನ್ಯಾಯಾಲಯದಲ್ಲಿ 30 ದಿನ, ಹೈಕೋರ್ಟಿನಲ್ಲಿ 90 ದಿನ. ವಾಣಿಜ್ಯ ದಾವೆಯಲ್ಲಿ 120 ದಿನ ಕಳೆದರೆ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ. ಈ ತಾರೀಖುಗಳು ಕಿರಿಯರ ಡೈರಿಯಲ್ಲಿ ಇದ್ದರೆ ಸಾಲದು, ಸೀನಿಯರ್ ಡೈರಿಯಲ್ಲೂ ಇರಬೇಕು. ಎರಡನೆಯದು ಎದುರಾಳಿಯ ಮುಖ್ಯ ಸಾಕ್ಷಿಯ ಪಾಟೀಸವಾಲು. ದಾಖಲಾದ ಉತ್ತರವನ್ನು ಅಳಿಸಲಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಕೇಳದೆ ಬಿಟ್ಟರೆ ಸಾಕ್ಷಿ ಹೇಳಿದ್ದನ್ನು ಒಪ್ಪಿದಂತೆ ಎಂದು ನಾಳೆ ವಾದ ಬರುತ್ತದೆ. ಇಲ್ಲಿ ಕಿರಿಯರು ಪ್ರಶ್ನೆಗಳ ಪಟ್ಟಿ ಬರೆಯಲಿ, ದಾಖಲೆಗಳ ಪುಟ ಸಂಖ್ಯೆ ಹುಡುಕಿಕೊಡಲಿ, ಕೂತು ನೋಡಲಿ. ಎದ್ದು ನಿಲ್ಲುವುದು ಸೀನಿಯರ್ ಕೆಲಸ.

ಈ ಗೆರೆಯನ್ನು ಸುಪ್ರೀಂ ಕೋರ್ಟ್ ಒಮ್ಮೆ ಬಲವಾಗಿ ಎಳೆದಿದೆ. ಮಧ್ಯಪ್ರದೇಶದ ಅನೋಖಿಲಾಲ್ ಪ್ರಕರಣದಲ್ಲಿ ಆರೋಪಿಗೆ ಮರಣದಂಡನೆಯಾಗಿತ್ತು. ಅವನ ಪರವಾಗಿ ನ್ಯಾಯಾಲಯ ವಕೀಲರನ್ನು ನೇಮಿಸಿದ ದಿನವೇ ಆರೋಪ ಹೊರಿಸಲಾಗಿತ್ತು. ವಿಚಾರಣೆ ಹದಿನೈದು ದಿನದೊಳಗೆ ಮುಗಿದುಹೋಗಿತ್ತು. 2019ರ ಡಿಸೆಂಬರ್ 18ರಂದು ಆ ತೀರ್ಪನ್ನು ರದ್ದು ಮಾಡಿ ಮರುವಿಚಾರಣೆಗೆ ಕಳಿಸಿದ ನ್ಯಾಯಾಲಯ, ಜೀವಾವಧಿ ಅಥವಾ ಮರಣದಂಡನೆ ಸಾಧ್ಯವಿರುವ ಪ್ರಕರಣಗಳಲ್ಲಿ ಆರೋಪಿಯ ಪರ ನೇಮಿಸುವ ವಕೀಲರಿಗೆ ಕನಿಷ್ಠ ಹತ್ತು ವರ್ಷ ಅನುಭವವಿರಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನ ಸಿಗಬೇಕು ಎಂದು ಹೇಳಿತು. ಈ ತೀರ್ಪನ್ನು ನಾನು ಬಹಳ ಗೌರವಿಸುತ್ತೇನೆ. ಯಾಕೆಂದರೆ ನಮ್ಮಲ್ಲಿ ಒಂದು ಕೆಟ್ಟ ರೂಢಿಯಿದೆ. ಫೀಸು ಕೊಡಬಲ್ಲವನಿಗೆ ಸೀನಿಯರ್, ಕೊಡಲಾಗದವನ ಕೇಸು ಕಿರಿಯರ ಅಭ್ಯಾಸಕ್ಕೆ. ಬಡವನ ಜೀವನ ಯಾರ ಕಲಿಕೆಯ ಸಾಧನವೂ ಆಗಬಾರದು.

2022ರಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ರೂಪಿಸಿದ ಕಾನೂನು ನೆರವು ರಕ್ಷಣಾ ವಕೀಲರ ವ್ಯವಸ್ಥೆಯಲ್ಲಿ ಇದಕ್ಕೊಂದು ಉತ್ತರ ಕಾಣುತ್ತದೆ. ಜಿಲ್ಲೆಗೊಂದು ಕಚೇರಿ. ಮುಖ್ಯಸ್ಥರಿಗೆ ಕನಿಷ್ಠ ಹತ್ತು ವರ್ಷ ಅನುಭವ, ಉಪ ಮುಖ್ಯಸ್ಥರಿಗೆ ಏಳು, ಸಹಾಯಕ ವಕೀಲರಿಗೆ ಸೊನ್ನೆಯಿಂದ ಮೂರು ವರ್ಷ. ಪೂರ್ಣಾವಧಿ ಕೆಲಸ, ತಿಂಗಳ ಸಂಭಾವನೆ. ಸಹಾಯಕರು ಹಿರಿಯರ ನೆರಳಲ್ಲಿ ಕೆಲಸ ಮಾಡುತ್ತಾರೆ, ಗಂಭೀರ ಪ್ರಕರಣ ಹಿರಿಯರ ಕೈಯಲ್ಲಿರುತ್ತದೆ. ಬಡ ಆರೋಪಿಗೂ ಕಲಿಯುವ ಕಿರಿಯರಿಗೂ ಒಂದೇ ಸೂರಿನಡಿ ಜಾಗ ಕಲ್ಪಿಸಿದ ವಿನ್ಯಾಸ ಇದು. ಖಾಸಗಿ ಆಫೀಸುಗಳು ಇದನ್ನು ನೋಡಿ ಕಲಿಯಬಹುದು.

ಇನ್ನು ಕಕ್ಷಿದಾರರ ತೃಪ್ತಿಯ ವಿಷಯ. ಅದು ಸೀನಿಯರ್ ಮುಖದರ್ಶನದಿಂದ ಬರುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಪಾರ್ಟಿಯ ದೂರನ್ನು ಸರಿಯಾಗಿ ಕೇಳಿಸಿಕೊಳ್ಳಿ. 'ಹುಡುಗ ಬಂದ' ಎನ್ನುವುದಕ್ಕಿಂತ 'ಅವನಿಗೆ ಏನೂ ಗೊತ್ತಿರಲಿಲ್ಲ' ಎನ್ನುವುದೇ ಹೆಚ್ಚು ನೋಯಿಸಿರುತ್ತದೆ. ಮೊದಲ ದಿನ ಪಾರ್ಟಿ ಆಫೀಸಿಗೆ ಬಂದಾಗಲೇ ಕಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಿಮ್ಮ ಫೈಲನ್ನು ನನ್ನ ಜೊತೆ ಇವರೂ ನೋಡುತ್ತಾರೆ, ಡೇಟುಗಳಿಗೆ ಇವರು ಬರುತ್ತಾರೆ, ಸಾಕ್ಷಿ ವಿಚಾರಣೆ ಮತ್ತು ಅಂತಿಮ ವಾದಕ್ಕೆ ನಾನಿರುತ್ತೇನೆ" ಎಂದು ಹೇಳಿದರೆ ಅರ್ಧ ಅಸಮಾಧಾನ ಹುಟ್ಟುವುದೇ ಇಲ್ಲ. ಪಹಣಿ, ಮ್ಯುಟೇಷನ್, ವಂಶವೃಕ್ಷ ಇಟ್ಟುಕೊಂಡು ಪಾರ್ಟಿಯ ಕಥೆಯನ್ನು ಗಂಟೆಗಟ್ಟಲೆ ಕೇಳುವ ತಾಳ್ಮೆ ಮತ್ತು ಸಮಯ ಇರುವುದು ಕಿರಿಯರಿಗೇ. ಹೈಕೋರ್ಟಿನ ಇಂಗ್ಲಿಷ್ ಆದೇಶವನ್ನು ಅಜ್ಜಿಗೆ ಕನ್ನಡದಲ್ಲಿ ಬಿಡಿಸಿ ಹೇಳುವವರೂ ಅವರೇ. ಎರಡು ಸಲ ಹೀಗೆ ಕೂತು ಮಾತಾಡಿದ ಮೇಲೆ ಪಾರ್ಟಿ ಸೀನಿಯರಿಗೆ ಫೋನು ಮಾಡುವ ಮುಂಚೆ ಕಿರಿಯರಿಗೆ ಮಾಡುತ್ತಾರೆ. ನಂಬಿಕೆ ಹಾಗೆ ಕೈ ಬದಲಾಗುತ್ತದೆ.

ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟುವವರು ಅವರು, ಎರಡು ಹೊಸ ಹೋರಿಗಳನ್ನು ಒಟ್ಟಿಗೆ ಕಟ್ಟಿ ಬಿತ್ತನೆಗೆ ಇಳಿಯುವುದಿಲ್ಲ. ಜೋಡಿ ಸರಿಯಿದೆ ಎಂದು ಕಂಡರೆ ಅವರು ಒಪ್ಪುತ್ತಾರೆ. ಒಪ್ಪದಿರುವುದು ಪಳಗಿದ ಎತ್ತನ್ನು ತೋರಿಸಿ ಹೊಸದನ್ನಷ್ಟೇ ಹೊಲಕ್ಕೆ ಬಿಟ್ಟಾಗ.

ಕಿರಿಯರನ್ನು ತಯಾರು ಮಾಡುವುದು ಕಕ್ಷಿದಾರನಿಗೆ ಮಾಡುವ ಉಪಕಾರ ಎಂಬುದಕ್ಕೆ ಕಾನೂನಿನಲ್ಲೇ ಬಲವಾದ ಆಧಾರವಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೆಯ ಆದೇಶದ ಪ್ರಕಾರ ವಿಚಾರಣೆಯ ಹಂತದಲ್ಲಿ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಇಲ್ಲ. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಎಂಬುದು ಮುಂದೂಡಲು ಕಾರಣವೇ ಅಲ್ಲ ಎಂದು ಅದೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಸಾಕ್ಷಿ ಬಂದು ನಿಂತಿದ್ದು ವಕೀಲರು ಸಿದ್ಧರಿಲ್ಲದಿದ್ದರೆ, ಪಾಟೀಸವಾಲು ಇಲ್ಲದೆಯೇ ಮುಂದೆ ಹೋಗುವ ಅಧಿಕಾರ ನ್ಯಾಯಾಧೀಶರಿಗಿದೆ. ಕೋರ್ಟಿನ ಭಾಷೆಯಲ್ಲಿ 'ಕ್ರಾಸ್ ನಿಲ್'. ರೂಢಿಯಲ್ಲಿ ಮುಂದೂಡಿಕೆಗಳು ಮೂರನ್ನು ಮೀರುವುದು ಎಲ್ಲರಿಗೂ ಗೊತ್ತು. ಆದರೆ ಕಟ್ಟುನಿಟ್ಟಿನ ನ್ಯಾಯಾಧೀಶರೊಬ್ಬರು ಬಂದ ದಿನ, ಸೀನಿಯರ್ ಊರಲ್ಲಿಲ್ಲದ ದಿನ, ಫೈಲು ಗೊತ್ತಿರುವ ಕಿರಿಯರೊಬ್ಬರೇ ಆ ಕಕ್ಷಿದಾರನಿಗೆ ದಿಕ್ಕು. ಸೀನಿಯರಿಗೆ ಕಾಯಿಲೆ ಬಂದರೆ, ಅವರು ನ್ಯಾಯಮೂರ್ತಿಯಾಗಿ ಹೋದರೆ, ತೀರಿಕೊಂಡರೆ? ಪಾಲು ದಾವೆ ಮತ್ತು ಅದರ ಮೇಲ್ಮನವಿಗಳು ಒಬ್ಬ ವಕೀಲರ ವೃತ್ತಿಜೀವನಕ್ಕಿಂತ ಹೆಚ್ಚು ಕಾಲ ಬಾಳುವುದುಂಟು. ಆಗ ಅನಾಥವಾಗದ ಫೈಲು ಕಿರಿಯರನ್ನು ಬೆಳೆಸಿದ ಆಫೀಸಿನದು ಮಾತ್ರ.

ನ್ಯಾಯಪೀಠಗಳೂ ಕೈ ಜೋಡಿಸಬಹುದು. 2025ರ ಆಗಸ್ಟ್ 11ರಿಂದ ತಮ್ಮ ಕೋರ್ಟಿನಲ್ಲಿ ತುರ್ತು ವಿಷಯಗಳನ್ನು ಹಿರಿಯ ವಕೀಲರು ಪ್ರಸ್ತಾಪಿಸುವಂತಿಲ್ಲ, ಆ ಅವಕಾಶ ಕಿರಿಯರಿಗೆ ಸಿಗಲಿ ಎಂದು ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಹೇಳಿದರು. ಕೆಲವೇ ನಿಮಿಷಗಳ ಕೆಲಸ ಅದು. ಆದರೂ ದೇಶದ ಅತಿ ದೊಡ್ಡ ಕೋರ್ಟಿನಲ್ಲಿ ಎದ್ದು ನಿಂತು ಎರಡು ವಾಕ್ಯ ಹೇಳಿ ಆದೇಶ ಪಡೆದ ಕಿರಿಯರಿಗೆ ಸಿಗುವ ಧೈರ್ಯ ಚಿಕ್ಕದಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಫೆಡರಲ್ ನ್ಯಾಯಾಧೀಶ ಜ್ಯಾಕ್ ವೈನ್‌ಸ್ಟೈನ್ 2017ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಇನ್ನೂ ಮುಂದೆ ಹೋದರು. ಅರ್ಜಿ ತಯಾರಿಸಿದ ಕಿರಿಯರೇ ಅದರ ಮೇಲೆ ವಾದಿಸಲಿ, ತಾವು ಸಿದ್ಧಪಡಿಸಿದ ಸಾಕ್ಷಿಗೆ ಅವರೇ ಪ್ರಶ್ನೆ ಕೇಳಲಿ, ಅದಕ್ಕಾಗಿ ಒಂದು ಪಕ್ಷದ ಪರ ಒಬ್ಬರಿಗಿಂತ ಹೆಚ್ಚು ವಕೀಲರು ಮಾತಾಡಿದರೂ ಸರಿ ಎಂದು ತಮ್ಮ ಕೋರ್ಟಿನ ನಿಯಮದಲ್ಲೇ ಬರೆದರು. ಈ ಕೊನೆಯ ಮಾತು ನಮ್ಮ ಜಿಲ್ಲಾ ನ್ಯಾಯಾಲಯಗಳಿಗೂ ಒಪ್ಪುತ್ತದೆ. ಸೀನಿಯರ್ ಎದ್ದು ಒಂದು ಮಾತು ಸೇರಿಸಬಹುದು ಎಂಬ ಭರವಸೆಯಿದ್ದರೆ ಕಕ್ಷಿದಾರರೂ ನಿಶ್ಚಿಂತೆಯಿಂದ ಕೂರುತ್ತಾರೆ, ಕಿರಿಯರೂ ನಡುಗದೆ ಮಾತಾಡುತ್ತಾರೆ.

ದುಡ್ಡಿನ ವಿಷಯಕ್ಕೆ ಬರದೆ ಈ ಮಾತು ಪೂರ್ತಿಯಾಗದು. ವಕೀಲರ ನೋಂದಣಿಗೆ ರಾಜ್ಯ ಪರಿಷತ್ತುಗಳು ಕಾಯ್ದೆ ಹೇಳಿದ್ದಕ್ಕಿಂತ ಎಷ್ಟೋ ಪಟ್ಟು ವಸೂಲು ಮಾಡುತ್ತಿದ್ದವು. ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟ ಜಾತಿ ಪಂಗಡಗಳಿಗೆ 125 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಾಗಿಲು ಸ್ವಲ್ಪ ತೆರೆಯಿತು. ಒಳಗೆ ಬಂದ ಮೇಲಿನ ಬದುಕು? ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಕಡ್ಡಾಯವಲ್ಲ. ತಾಲ್ಲೂಕಿನ ಎಷ್ಟೋ ಸೀನಿಯರುಗಳಿಗೆ ಅಷ್ಟು ಕೊಡುವ ಶಕ್ತಿಯಿಲ್ಲ ಎಂಬುದು ನಿಜ. ಶಕ್ತಿಯಿದ್ದೂ ಕೊಡದವರು ಇದ್ದಾರೆ ಎಂಬುದೂ ನಿಜ. "ನಾವೂ ಹೀಗೇ ಕಲಿತೆವು, ನಮಗೇನು ಕೊಟ್ಟಿದ್ದರು?" ಎನ್ನುವ ಮಾತು ಇನ್ನು ಸಾಕು. ಅದರ ಪರಿಣಾಮ ಹೀಗಿದೆ: ಮನೆಯಲ್ಲಿ ಅನುಕೂಲವಿರುವವರಷ್ಟೇ ಆಫೀಸಿನಲ್ಲಿ ಉಳಿಯುತ್ತಾರೆ, ಉಳಿದವರು ಎರಡನೆಯ ವರ್ಷಕ್ಕೆ ಕಂಪನಿಗೋ ಬ್ಯಾಂಕಿಗೋ ಹೊರಟುಹೋಗುತ್ತಾರೆ.

ಹೋಗುವಾಗ ಅವರು ಫೈಲಿನ ಜ್ಞಾನವನ್ನೂ ತೆಗೆದುಕೊಂಡು ಹೋಗುತ್ತಾರೆ. ವಾದಪತ್ರ ಬರೆದವರು ಒಬ್ಬರು, ಲಿಖಿತ ಹೇಳಿಕೆ ಓದಿದವರು ಇನ್ನೊಬ್ಬರು, ಅಂತಿಮ ವಾದದ ದಿನ ಫೈಲು ಹೊತ್ತು ನಿಂತವರು ಮೂರನೆಯವರು. ಕಕ್ಷಿದಾರರು ಮಾತ್ರ ಅವರೇ, ಪ್ರತಿಯೊಬ್ಬರಿಗೂ ಮೊದಲಿಂದ ಕಥೆ ಹೇಳುತ್ತ. "ಯಾವುದೋ ಹುಡುಗ ಬಂದ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಸಂಬಳ ಸಿಗದೆ ಬಿಟ್ಟುಹೋದ ಹಿಂದಿನ ಹುಡುಗ. ಕಿರಿಯರಿಗೆ ಕೊಡುವ ಸಂಬಳವನ್ನು ಸೀನಿಯರುಗಳು ಧರ್ಮವೆಂದು ಎಣಿಸಬೇಕಿಲ್ಲ. ಅದು ಕಕ್ಷಿದಾರರ ಫೀಸಿನ ನ್ಯಾಯವಾದ ಖರ್ಚು.

ಕೊನೆಯದಾಗಿ ಕೋರ್ಟು ಕಚೇರಿ ಅಲೆಯುತ್ತಿರುವ ಓದುಗರಿಗೆ ಒಂದು ಮಾತು. ವಕಾಲತ್ತಿಗೆ ಸಹಿ ಹಾಕುವಾಗ ಅದರಲ್ಲಿರುವ ಎಲ್ಲ ಹೆಸರುಗಳನ್ನೂ ಓದಿ. ಮುಖ್ಯ ಸಾಕ್ಷಿಯ ಪಾಟೀಸವಾಲು ಯಾರು ಮಾಡುತ್ತಾರೆ, ಅಂತಿಮ ವಾದ ಯಾರದು ಎಂದು ಅಂದೇ ಕೇಳಿ, ಕೇಳಲು ಸಂಕೋಚ ಬೇಡ. ಡೇಟಿಗೆ ಬರುವ ಕಿರಿಯರ ಹೆಸರು, ಫೋನು ನಂಬರು ಬರೆದುಕೊಳ್ಳಿ. ಅವರಿಗೆ ನಿಮ್ಮ ಕಾಗದಪತ್ರಗಳನ್ನು ತೋರಿಸಿ, ನಿಮ್ಮ ಮಾತು ಹೇಳಿ. ಅವರು ಫೈಲು ಓದದೆ ಬಂದರೆ ಆ ಹುಡುಗ ಹುಡುಗಿಯರ ಮೇಲೆ ರೇಗಬೇಡಿ, ನೇರವಾಗಿ ಸೀನಿಯರನ್ನೇ ಕೇಳಿ. ಓದಿಕೊಂಡು ಬಂದು ಚೆನ್ನಾಗಿ ನಿಂತರೆ, ಅದನ್ನೂ ಸೀನಿಯರಿಗೆ ಹೇಳಿ.